ಆಳು, ಆಡು ಮತ್ತು ಯೆಫ್ತಾಹನ ಮಗಳು: ರಿಕ್ಟರರ ಒಂದು ಪುಟವನ್ನು ಕುರಿತ ವಿಮರ್ಶೆ

ಕೊಡಗಿನ ಚರಿತ್ರೆಯನ್ನು ಬೋಧಿಸುವವರಿಗೆ ರೆವರೆಂಡ್ ಜಿ. ರಿಕ್ಟರರ ‘ಮ್ಯಾನ್ಯುಯಲ್ ಆಫ್ ಕೂರ್ಗ್’ ಬಿಟ್ಟರೂ ಬಿಡದ ಆಕರಗ್ರಂಥ. ೧೮೭೦ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಸಂಸ್ಥೆಯಿಂದ ಪ್ರಕಟವಾದ ಈ ಗ್ರಂಥದ ಕರ್ತರು ಮಿಶನರಿಗಳೂ ಹೌದು, ಮಡಿಕೇರಿಯ ಸರಕಾರಿ ಸೆಂಟ್ರಲ್ ಶಾಲೆಯ ಮುಖ್ಯಸ್ಥರೂ ಹೌದು. ನಾಡಿನ ಮಳೆ, ಬೆಳೆ, ಭೂಹಿಡುವಳಿ, ಮದುವೆ ಮರಣಗಳ ಕ್ರಮ ಇವನ್ನೆಲ್ಲ ಅವರು ಶ್ರದ್ಧೆಯಿಂದ ಕೂಡಿಹಾಕಿದ್ದಾರೆ. ಅನಂತರ ಬಂದ ಗೆಜೆಟಿಯರುಗಳು ಅವರಿಂದ ಪಡೆದುದು ಸ್ವಲ್ಪವಲ್ಲ. ಅವರ ಋಣವನ್ನು ಒಪ್ಪಿಕೊಂಡೇ, ಆ ಗ್ರಂಥದಲ್ಲಿ ದೇವತಾರಾಧನೆಯನ್ನು ವರ್ಣಿಸುವ ಒಂದು ಪುಟವನ್ನು ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿದ್ದೇವೆ.

ಆ ಪುಟದ ಸಾರಾಂಶವಿದು. ಕಡಿಯತ್ತುನಾಡಿನಲ್ಲಿ, ರಿಕ್ಟರರು ಕಿರ್ನಾಡು, ಕೋಣಿಯುಚೇರಿ ಎಂದು ಬರೆದಿರುವ ಗ್ರಾಮಗಳಲ್ಲಿ, ಮೂರು ವರ್ಷಗಳಿಗೊಮ್ಮೆ ಭದ್ರಕಾಳಿಗೆ ನರಬಲಿ ನಡೆಯುತ್ತಿದ್ದಿತಂತೆ. ಬಲಿಯ ವೇಳೆಯಲ್ಲಿ ನೆರೆದ ಜನರು ‘ಆಳ್, ಅಮ್ಮಾ’ ಎಂದು ದೇವಿಗೆ ನಿವೇದಿಸುತ್ತಿದ್ದರು. ಮನುಷ್ಯನನ್ನು ಒಪ್ಪಿಸುತ್ತಿದ್ದೇವೆ ಎಂದು ಅದರ ತಾತ್ಪರ್ಯ. ಒಂದು ಸಲ ಭಕ್ತನೊಬ್ಬನು ‘ಆಳಲ್ಲ, ಅಮ್ಮಾ, ಆಡು’ ಎಂದು ಕೂಗಿಬಿಟ್ಟನು. ಅಂದಿನಿಂದ ಊನವಿಲ್ಲದ ಹೋತವೇ ದೇವಿಗೆ ಸಲ್ಲತೊಡಗಿತು. ತಾವಳಗೇರಿ ಮೂರ್ನಾಡಿನ ಬೆಳ್ಳೂರಿನದು ಇನ್ನೊಂದು ಕಥೆ. ಅಲ್ಲಿ ವರ್ಷಕ್ಕೊಮ್ಮೆ, ಮನೆಯ ಸರದಿಯಂತೆ, ಒಬ್ಬನ ತಲೆ ಹೋಗಬೇಕು. ಸರದಿ ಬಂದವನು ಒಮ್ಮೆ ಕಾಡಿಗೆ ಓಡಿಹೋದನು. ಹುಡುಕಿ ಬೇಸತ್ತ ಊರವರು ಗುಡಿಗೆ ಹಿಂದಿರುಗಿ, ‘ಮುಂದಿನ ವರ್ಷ ಕೊಡುವನು’ ಎಂದೂ ‘ಮುಂದಿನ ವರ್ಷ ಆಡು’ ಎಂದೂ ಎರಡರ್ಥ ಬರುವ ಮಾತನ್ನು ಪೂಜಾರಿಗೆ ಹೇಳಿದರು. ಅಲ್ಲಿಯೂ ಮನುಷ್ಯನ ಸ್ಥಾನಕ್ಕೆ ಆಡು ಬಂದಿತು.

ಕೆಲವು ವರ್ಷಗಳ ಹಿಂದೆ ಈ ಪುಟವನ್ನು ನಾವು ತರಗತಿಯಲ್ಲಿ ಓದಿಸಿದೆವು. ಕೊಡವರ ಮನೆಯ ವಿದ್ಯಾರ್ಥಿಯೊಬ್ಬನು ತಲೆ ತಗ್ಗಿಸಿ ಕುಳಿತನು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆ ಕ್ಷಣದಲ್ಲಿ ನಮಗೆ ತೋಚಿದ ಉತ್ತರ ಅಷ್ಟೇನೂ ಘನವಾದುದಲ್ಲ. “ರಿಕ್ಟರರ ಸತ್ಯವೇದದಲ್ಲಿಯೂ ಯೆಫ್ತಾಹನು ಮಗಳನ್ನು ಸುಟ್ಟಿದ್ದಾನೆ” ಎಂದುಬಿಟ್ಟೆವು. ಈಗ ತಲೆ ತಗ್ಗಿಸಿದವಳು ಕ್ರೈಸ್ತ ವಿದ್ಯಾರ್ಥಿನಿ. ಒಂದು ಅವಮಾನವನ್ನು ಒಂದು ಬೆಂಚಿನಿಂದ ಇನ್ನೊಂದು ಬೆಂಚಿಗೆ ವರ್ಗಾಯಿಸಿದುದಷ್ಟೇ ಅಂದಿನ ಪಾಠದ ಫಲ. ಅವಳು ಮರುದಿನ ಬಂದು ಕೇಳಿದಳು: “ಆ ಕಥೆಯನ್ನು ನಾವು ಹೇಗೆ ಓದಬೇಕು?” ನಮ್ಮಲ್ಲಿ ಉತ್ತರವಿರಲಿಲ್ಲ. ಪ್ರಕೃತ ಲೇಖನವು ಆ ಬಾಕಿಯ ತೀರುವಳಿ.

ನಾವು ಅಂದು ಹೂಡಿದ ವಾದ ಹೊಸತೇನೂ ಅಲ್ಲ. ಜಾಫ್ನಾದ ಆರುಮುಗ ನಾವಲರರು ಸತ್ಯವೇದದ ತಮಿಳು ಅನುವಾದದಲ್ಲಿ ಪೀಟರ್ ಪರ್ಸಿವಲ್ ಎಂಬ ಮಿಶನರಿಗೆ ನೆರವಾದವರು. ಆ ಗ್ರಂಥವನ್ನು ಒಳಹೊಕ್ಕು ಬಲ್ಲವರು. ೧೮೫೪ರಲ್ಲಿ ಅವರು ‘ಶೈವದೂಷಣ ಪರಿಹಾರ’ವನ್ನು ಬರೆದು, ಶೈವರ ದೇಗುಲದ ವಿಧಿಗಳನ್ನು ಹಳಿಯುವ ಮಿಶನರಿಗಳಿಗೆ ಇಬ್ರಿಯರ ದೇವಾಲಯದ ಬಲಿಪೀಠವನ್ನೂ ಧೂಪದೀಪಗಳನ್ನೂ ತೋರಿಸಿದರು. ಸಮಾನ ಅಳತೆಗೋಲನ್ನು ಕೇಳುವುದು ಅವರ ಉದ್ದೇಶವಾಗಿದ್ದಿತು, ಅದು ನ್ಯಾಯವಾದುದು. ಆದರೆ ‘ನಿಮ್ಮಲ್ಲಿಯೂ ಉಂಟು’ ಎಂಬ ಮಾತು ಎದುರಾಳಿಯ ಬಾಯನ್ನು ಮುಚ್ಚಿಸಬಲ್ಲುದೇ ಹೊರತು ಕಥೆಯ ಅರ್ಥವನ್ನು ತಿಳಿಸಲಾರದು.

ರಿಕ್ಟರರ ಪುಟವನ್ನು ನಿಧಾನವಾಗಿ ಓದಿದರೆ ಒಂದು ವಿಚಿತ್ರ ಕಾಣುತ್ತದೆ. ಕೊಡಗಿನ ಹೋತವನ್ನು ‘ಊನವಿಲ್ಲದ ಹೋತ’ ಎಂದೂ ಬೆಳ್ಳೂರಿನ ಆಡನ್ನು ಜನರ ಪಾಪ ಹೊತ್ತು ಹೋಗುವ ಆಡೆಂದೂ ಅವರು ಹೆಸರಿಸಿದ್ದಾರೆ. ಇವೆರಡೂ ಯಾಜಕಕಾಂಡದ ಪರಿಭಾಷೆ. ಮೊದಲನೆಯದು ಅದರ ಆರಂಭದ ಅಧ್ಯಾಯಗಳಿಂದ, ಎರಡನೆಯದು ಹದಿನಾರನೆಯ ಅಧ್ಯಾಯದಿಂದ ಬಂದುದು. ಅದಾದ ಮೇಲೆ ರಾತ್ರಿಯಲ್ಲಿ ಪಣಿಕರು ಮುಖವಾಡ ತೊಟ್ಟು ಕುಣಿಯುವುದನ್ನು ವರ್ಣಿಸುವಾಗ ಅವರಿಗೆ ದೊರಕುವ ವಿಶೇಷಣ ಪೈಶಾಚಿಕವೆಂಬುದು. ಪ್ರಾಣಿಗೆ ಸತ್ಯವೇದದ ಪದ, ಪ್ರಾಣಿಯನ್ನು ಒಪ್ಪಿಸುವ ಮನುಷ್ಯರಿಗೆ ಪಿಶಾಚಿಯ ಪದ! ಈ ಎರಡು ಪದಗಳ ನಡುವಣ ಸಂಬಂಧವನ್ನು ಅವರು ಗಮನಿಸಿದಂತೆ ತೋರುವುದಿಲ್ಲ. ಗಮನಿಸಿದ್ದರೆ ಆದಿಕಾಂಡದ ಇಪ್ಪತ್ತೆರಡನೆಯ ಅಧ್ಯಾಯ, ಮೊರೀಯ ಬೆಟ್ಟದ ಮೇಲೆ ಇಸಾಕನ ಬದಲಿಗೆ ಪೊದೆಯಲ್ಲಿ ಸಿಕ್ಕಿಕೊಂಡಿದ್ದ ಟಗರು, ಅವರ ನೆನಪಿಗೆ ಬಾರದೆ ಇರುತ್ತಿರಲಿಲ್ಲ.

ಆದರೆ ಅಬ್ರಹಾಮನ ಕಥೆಗಿಂತ ಕಠಿಣವಾದುದು ಯೆಫ್ತಾಹನ ಕಥೆ. ಅದು ನ್ಯಾಯಸ್ಥಾಪಕರು ಎಂಬ ಭಾಗದ ಹನ್ನೊಂದನೆಯ ಅಧ್ಯಾಯದಲ್ಲಿದೆ. ಗಿಲ್ಯಾದಿನ ಯೆಫ್ತಾಹನು ವೇಶ್ಯೆಯ ಮಗನೆಂದು ಅಣ್ಣತಮ್ಮಂದಿರಿಂದ ಹೊರದೂಡಲ್ಪಟ್ಟವನು. ಅಮ್ಮೋನಿಯರು ಏರಿಬಂದಾಗ ಊರ ಹಿರಿಯರಿಗೆ ಅವನು ಬೇಕಾದನು. ಗೆದ್ದು ಬಂದರೆ ತನ್ನ ಮನೆಯ ಬಾಗಿಲಿನಿಂದ ಮೊದಲು ಎದುರಿಗೆ ಬಂದುದನ್ನು ದೇವರಿಗೆ ಹೋಮವಾಗಿ ಅರ್ಪಿಸುವೆನೆಂದು ಅವನು ಹರಕೆ ಹೊತ್ತನು. ಗೆದ್ದನು. ದಮ್ಮಡಿ ಬಡಿಯುತ್ತ ಕುಣಿಯುತ್ತ ಎದುರಿಗೆ ಬಂದವಳು ಅವನ ಒಬ್ಬಳೇ ಮಗಳು. ಅವಳು ಎರಡು ತಿಂಗಳ ಅವಕಾಶವನ್ನು ಬೇಡಿ, ಗೆಳತಿಯರೊಡನೆ ಬೆಟ್ಟಗಳಲ್ಲಿ ತನ್ನ ಕನ್ಯಾವಸ್ಥೆಗಾಗಿ ಅತ್ತು ಹಿಂದಿರುಗಿದಳು. ತಂದೆಯು ಹರಕೆಯಂತೆ ಮಾಡಿದನು. ಆಕಾಶದಿಂದ ದನಿ ಬರಲಿಲ್ಲ. ಪೊದೆಯಲ್ಲಿ ಟಗರೂ ಇರಲಿಲ್ಲ. ಇಸ್ರಾಯೇಲಿನ ಹೆಣ್ಣುಮಕ್ಕಳು ವರ್ಷಕ್ಕೆ ನಾಲ್ಕು ದಿನ ಅವಳಿಗಾಗಿ ಶೋಕಿಸುವ ವಾಡಿಕೆಯಾಯಿತೆಂದು ಹೇಳಿ ಕಥೆ ಮುಗಿಯುತ್ತದೆ. ಅವಳ ಹೆಸರನ್ನು ಗ್ರಂಥವು ಹೇಳುವುದಿಲ್ಲ. ಇನ್ನೂ ತೊಡಕಿನ ಸಂಗತಿಯೊಂದಿದೆ: ಹರಕೆ ಹೊರುವುದಕ್ಕೆ ಮೊದಲಿನ ವಾಕ್ಯದಲ್ಲಿಯೇ ದೇವರ ಆತ್ಮವು ಅವನ ಮೇಲೆ ಇಳಿಯಿತೆಂದಿದೆ, ಹೊಸ ಒಡಂಬಡಿಕೆಯಲ್ಲಿ ಇಬ್ರಿಯರಿಗೆ ಬರೆದ ಪತ್ರವು ಅವನನ್ನು ನಂಬಿಕೆಯ ವೀರರ ಸಾಲಿನಲ್ಲಿ ಎಣಿಸಿದೆ.

ಈ ಕಥೆಯನ್ನು ಓದಿ ಸುಮ್ಮನಿರಲು ಯಾರಿಂದಲೂ ಆಗಲಿಲ್ಲವೆಂಬುದು ಅದರ ವ್ಯಾಖ್ಯಾನಗಳ ಚರಿತ್ರೆಯಿಂದ ತಿಳಿಯುತ್ತದೆ. ಯೆಹೂದ್ಯರ ಮಿದ್ರಾಷ್ ಗ್ರಂಥಗಳು ತಪ್ಪನ್ನು ನೇರವಾಗಿ ಯೆಫ್ತಾಹನ ಮೇಲೆಯೇ ಹೊರಿಸಿದವು. ಹರಕೆಯನ್ನು ಬಿಡಿಸಬಲ್ಲ ಯಾಜಕ ಫೀನೆಹಾಸನು ಇದ್ದನು. ನಾಯಕನಾದ ನಾನು ಅವನ ಬಳಿಗೆ ಹೋಗುವುದೇ ಎಂದು ಇವನೂ, ಕೇಳುವವನೇ ಬರಲಿ ಎಂದು ಅವನೂ ಬಿಗುಮಾನದಿಂದ ಕುಳಿತರು. ಇಬ್ಬರ ನಡುವೆ ಹುಡುಗಿ ಸತ್ತಳು. ಅಧಿಕಾರಸ್ಥರಿಬ್ಬರ ಪ್ರತಿಷ್ಠೆಯಲ್ಲಿ ಬಡಪಾಯಿ ಅಳಿಯುವುದನ್ನು ಯಾವ ಕಚೇರಿಯಲ್ಲಿ ಕೆಲಸ ಮಾಡಿದವರೂ ಕಂಡಿರುತ್ತಾರೆ. ಯಾಜಕಕಾಂಡದ ಇಪ್ಪತ್ತೇಳನೆಯ ಅಧ್ಯಾಯದಂತೆ, ಹರಕೆಗೆ ಒಪ್ಪಿಸಿದ ಮನುಷ್ಯನನ್ನು ಬೆಳ್ಳಿ ಕೊಟ್ಟು ಬಿಡಿಸಿಕೊಳ್ಳಬಹುದು. ಐದರಿಂದ ಇಪ್ಪತ್ತು ವರ್ಷದೊಳಗಿನ ಹೆಣ್ಣಿಗೆ ಗೊತ್ತುಮಾಡಿದ ಬೆಲೆ ಹತ್ತು ಶೆಕೆಲ್. ಈ ವಿಧಿಯು ಕಥೆಗಿಂತ ಅನಂತರದ ಕಾಲದ್ದೆಂದು ಆಧುನಿಕ ವಿದ್ವಾಂಸರಲ್ಲಿ ಅನೇಕರ ಮತ. ಹಾಗಿದ್ದರೂ ಎರಡನ್ನೂ ಒಂದೇ ಗ್ರಂಥದಲ್ಲಿ ಓದುವವನಿಗೆ ಹತ್ತು ಶೆಕೆಲ್ ಬೆಳ್ಳಿಗೆ ಉಳಿಯಬಹುದಾಗಿದ್ದ ಜೀವವೆಂಬ ಸಂಕಟ ತಪ್ಪದು. ಅರಾಮಿಕ್ ಭಾಷೆಯ ತಾರ್ಗುಮ್ ಅನುವಾದಕನು ಈ ಸ್ಥಳಕ್ಕೆ ಬಂದಾಗ ಅನುವಾದವನ್ನು ನಿಲ್ಲಿಸಿ, ಇನ್ನು ಮುಂದೆ ಯಾರೂ ಮಗನನ್ನಾಗಲಿ ಮಗಳನ್ನಾಗಲಿ ಹೀಗೆ ಅರ್ಪಿಸಕೂಡದೆಂದು ಕಟ್ಟಳೆಯಾಯಿತೆಂಬ ಮಾತನ್ನು ತಾನೇ ಸೇರಿಸಿದನು.

ಹನ್ನೆರಡು ಹದಿಮೂರನೆಯ ಶತಮಾನಗಳಲ್ಲಿ ಫ್ರಾನ್ಸಿನ ನಾರ್ಬೋನ್ ನಗರದಲ್ಲಿದ್ದ ವೈಯಾಕರಣ ಡೇವಿಡ್ ಕಿಮ್ಹಿಯ ದಾರಿ ಬೇರೆ. ಹರಕೆಯ ವಾಕ್ಯದಲ್ಲಿ ‘ದೇವರದಾಗುವುದು’, ‘ಹೋಮವಾಗಿ ಅರ್ಪಿಸುವೆನು’ ಎಂಬ ಎರಡು ಮಾತುಗಳ ನಡುವೆ ಇಬ್ರಿಯ ಭಾಷೆಯ ‘ವಾವ್’ ಎಂಬ ಒಂದೇ ಅಕ್ಷರವಿದೆ. ಅದಕ್ಕೆ ಸಾಮಾನ್ಯವಾಗಿ ‘ಮತ್ತು’ ಎಂದರ್ಥ. ಅದು ‘ಅಥವಾ’ ಎಂದೂ ಆಗಬಲ್ಲುದೆಂದು, ಇದು ತನ್ನ ತಂದೆಯ ವ್ಯಾಖ್ಯಾನವೆಂದೂ ತಿಳಿಸಿ, ಕಿಮ್ಹಿಯು ವಾದಿಸಿದನು. ಆಗ ಅರ್ಥ ಹೀಗಾಗುತ್ತದೆ: ಎದುರಿಗೆ ಬಂದುದು ಹೋಮಕ್ಕೆ ಯೋಗ್ಯವಾದುದಾದರೆ ಹೋಮ, ಇಲ್ಲವಾದರೆ ದೇವರಿಗೆ ಮೀಸಲು. ಮಗಳು ಸಾಯಲಿಲ್ಲ, ಮದುವೆಯಿಲ್ಲದೆ ಏಕಾಂತದಲ್ಲಿ ಉಳಿದಳು, ಅದಕ್ಕಾಗಿಯೇ ಅವಳು ಪ್ರಾಣಕ್ಕಲ್ಲದೆ ಕನ್ಯಾವಸ್ಥೆಗೆ ಅತ್ತಳು. ಈ ಬಗೆಯ ಅರ್ಥವನ್ನು ಅವನಿಗಿಂತ ಕಿರಿಯ ಸಮಕಾಲೀನನಾದ ನಹ್ಮಾನಿಡೀಸನು ಒಪ್ಪದೆ, ಅವಳು ತಂದೆಯ ಅಜ್ಞಾನದಿಂದ ಸತ್ತೇ ಸತ್ತಳೆಂದನು. ಲೂಥರನಿಗೂ ಅವಳು ಉಳಿದಳೆಂದು ನಂಬುವ ಆಸೆ ಇದ್ದಿತು. ಗ್ರಂಥದ ಮಾತು ಸ್ಪಷ್ಟವಾಗಿದೆಯೆಂದು ಅವನು ಆ ಆಸೆಯನ್ನು ಬಿಟ್ಟನು. ೧೭೬೪ರಲ್ಲಿ ವೋಲ್ಟೇರನು ತನ್ನ ತತ್ತ್ವಶಾಸ್ತ್ರೀಯ ನಿಘಂಟಿನಲ್ಲಿ ಇದೇ ಸ್ಪಷ್ಟತೆಯನ್ನು ಹಿಡಿದು, ಇಬ್ರಿಯರಲ್ಲಿ ನರಬಲಿ ಇದ್ದಿತೆಂಬುದಕ್ಕೆ ಪುರಾವೆ ಇಗೋ ಎಂದು ಎತ್ತಿ ತೋರಿಸಿದನು.

ವ್ಯಾಕರಣದ ದೃಷ್ಟಿಯಿಂದ ಕಿಮ್ಹಿಯ ವಾದ ದುರ್ಬಲವೆಂಬುದೇ ನಮ್ಮ ಅಭಿಪ್ರಾಯ. ಆದರೂ ಕಡಿಯತ್ತುನಾಡಿನ ಭಕ್ತನ ಪಕ್ಕದಲ್ಲಿ ಅವನನ್ನು ನಿಲ್ಲಿಸಿ ನೋಡಿದಾಗ ನಮ್ಮ ನಗೆ ನಿಂತಿತು. ಒಬ್ಬನು ‘ಆಳ್’ ಎಂಬಲ್ಲಿ ‘ಆಡ್’ ಎಂದನು. ಇನ್ನೊಬ್ಬನು ‘ಮತ್ತು’ ಎಂಬಲ್ಲಿ ‘ಅಥವಾ’ ಎಂದನು. ಇಬ್ಬರೂ ದೇವರನ್ನು ಅಲ್ಲಗಳೆಯಲಿಲ್ಲ, ಹರಕೆಯನ್ನು ಮುರಿಯಲಿಲ್ಲ, ಹಿರಿಯರನ್ನು ಬೈಯಲಿಲ್ಲ. ಇದ್ದ ಮಾತಿನೊಳಗೇ ಒಂದು ಅಕ್ಷರದಷ್ಟು ಸಂದನ್ನು ಹುಡುಕಿ ಒಂದು ಜೀವವನ್ನು ಹೊರಗೆ ದಾಟಿಸಲು ನೋಡಿದರು. ವ್ಯತ್ಯಾಸವೊಂದುಂಟು, ಅದು ಸಣ್ಣದಲ್ಲ. ಕೊಡಗಿನ ಕಥೆಯಲ್ಲಿ ಕೂಗು ಕತ್ತಿ ಬೀಳುವುದಕ್ಕೆ ಮೊದಲೇ ಬಂದಿತು. ಕಿಮ್ಹಿಯ ಕೂಗು ಎರಡು ಸಾವಿರ ವರ್ಷ ತಡವಾಗಿ ಬಂದಿತು. ಅದರಿಂದ ಉಳಿದುದು ಗ್ರಂಥದ ಮರ್ಯಾದೆಯೇ ಹೊರತು ಹುಡುಗಿಯಲ್ಲ. ಅವಳು ಬದುಕಿದಳೆಂದು ಸಾಧಿಸಿಬಿಟ್ಟರೆ ಆ ನಾಲ್ಕು ದಿನಗಳ ಶೋಕಕ್ಕೆ ಅರ್ಥವೇ ಕೆಡುತ್ತದೆ.

ನಮ್ಮ ಓದುಗರಿಗೆ ಹತ್ತಿರದ ನಿದರ್ಶನವೊಂದು ಕನ್ನಡದಲ್ಲಿಯೇ ಇದೆ. ಕುವೆಂಪು ಅವರು ೧೯೪೪ರಲ್ಲಿ ಪ್ರಕಟವಾದ ‘ಶೂದ್ರ ತಪಸ್ವಿ’ ನಾಟಕದಲ್ಲಿ ಶಂಬೂಕನ ವಧೆಯನ್ನು ಮಾರ್ಪಡಿಸಿ ಅವನನ್ನು ಉಳಿಸಿದರು. ಹಳೆಯ ಕಥೆಯನ್ನು ಹೀಗೆ ತಿದ್ದುವುದು ಸಲ್ಲದೆಂದು ಮಾಸ್ತಿಯವರು ಆಕ್ಷೇಪಿಸಿದರು. ನಾಟಕಕಾರನಿಗೆ ಆ ಸ್ವಾತಂತ್ರ್ಯವುಂಟೆಂದು ನಾವು ಒಪ್ಪುತ್ತೇವೆ. ಅವನು ತಿದ್ದಿದ್ದೇನೆಂದು ಎಲ್ಲರೆದುರಿಗೆ ಹೇಳಿಯೇ ತಿದ್ದುತ್ತಾನೆ. ವ್ಯಾಖ್ಯಾನಕಾರನಾದರೋ ಮೂಲದಲ್ಲಿಯೇ ಹಾಗಿದೆ ಎನ್ನುತ್ತಾನೆ. ಚರಿತ್ರೆಯ ವಿದ್ಯಾರ್ಥಿ ಎಚ್ಚರ ವಹಿಸಬೇಕಾದುದು ಇಲ್ಲಿ.

ಮಿಶನರಿ ಶಾಲೆಗಳಲ್ಲಿಯೂ, ಈಚೆಗೆ ನಮ್ಮ ಪಠ್ಯಪುಸ್ತಕಗಳಲ್ಲಿಯೂ, ಎಲ್ಲ ಕಠಿಣ ಕಥೆಗಳಿಗೂ ಹಚ್ಚುವ ಸಾಮಾನ್ಯ ಔಷಧಿ ‘ಕಾಲಧರ್ಮ’ ಎಂಬುದು. ಮನುಷ್ಯನ ಧರ್ಮಬುದ್ಧಿ ಮೆಟ್ಟಿಲು ಮೆಟ್ಟಿಲಾಗಿ ಏರಿತು, ಕೆಳಗಿನ ಮೆಟ್ಟಿಲಿನಲ್ಲಿ ಇಂಥವು ಇದ್ದವು, ಚಿಂತಿಸಬೇಡಿ ಎಂಬ ಸಮಾಧಾನ. ಯೆಫ್ತಾಹನ ಕಥೆಯ ಮುಂದೆ ಈ ಮೆಟ್ಟಿಲುಗಳು ನಿಲ್ಲುವುದಿಲ್ಲ. ಗ್ರಂಥದ ಕ್ರಮದಲ್ಲಿ ಟಗರು ದೊರೆತ ಅಬ್ರಹಾಮನು ಮೊದಲು, ಟಗರು ದೊರೆಯದ ಯೆಫ್ತಾಹನು ಅನಂತರ. ವಿಮೋಚನಕಾಂಡದಲ್ಲಿ ಒಂದೆಡೆ ಚೊಚ್ಚಲ ಗಂಡುಮಕ್ಕಳನ್ನು ದೇವರಿಗೆ ಕೊಡಬೇಕೆಂದಷ್ಟೇ ಇದ್ದರೆ, ಇನ್ನೊಂದೆಡೆ ಅವರನ್ನು ಬದಲು ಕೊಟ್ಟು ಬಿಡಿಸಿಕೊಳ್ಳಬೇಕೆಂದಿದೆ. ಬಹಳ ಮುಂದಕ್ಕೆ, ಕ್ರಿಸ್ತಪೂರ್ವ ಏಳನೆಯ ಶತಮಾನದಲ್ಲಿ, ಯೆರೂಸಲೇಮಿನ ಅರಸ ಮನಸ್ಸೆಯು ತನ್ನ ಮಗನನ್ನೇ ಬೆಂಕಿಗೆ ಒಪ್ಪಿಸಿದನೆಂದು ಅರಸುಗಳ ಗ್ರಂಥ ದೂರುತ್ತದೆ. ಮಕ್ಕಳನ್ನು ಸುಡಬೇಕೆಂಬುದು ದೇವರ ಮನಸ್ಸಿಗೇ ಬಂದುದಲ್ಲವೆಂದು ಯೆರೆಮೀಯನು ಸಾರುತ್ತಾನೆ. ಅವನ ಸಮಕಾಲೀನನಾದ ಯೆಹೆಜ್ಕೇಲನು, ದೇವರೇ ಅವರಿಗೆ ಒಳ್ಳೆಯದಲ್ಲದ ಕಟ್ಟಳೆಗಳನ್ನು ಕೊಟ್ಟನೆಂಬ ಭಯಂಕರ ಮಾತನ್ನು ಆಡಿದ್ದಾನೆ. ಇಬ್ಬರ ಮಾತೂ ಅದೇ ಗ್ರಂಥದಲ್ಲಿ ಉಳಿದಿದೆ. ಸತ್ಯವೇದವು ಈ ವಿಷಯದಲ್ಲಿ ತೀರ್ಪು ಬರೆದಿಟ್ಟ ಕಡತವಾಗಿರದೆ ವಿಚಾರಣೆ ನಡೆದೇ ಇರುವ ನ್ಯಾಯಸ್ಥಾನದಂತೆ ನಮಗೆ ತೋರುತ್ತದೆ. ಆ ವಿದ್ಯಾರ್ಥಿನಿಗೆ ಅಂದು ಹೇಳಬೇಕಾಗಿದ್ದ ಮಾತು ಇದು: ನಿನ್ನ ಸಂಕಟ ಗ್ರಂಥದ ಹೊರಗಿನಿಂದ ಬಂದುದಲ್ಲ, ಆ ಪ್ರವಾದಿಗಳಿಗೂ ಅದೇ ಸಂಕಟವಿದ್ದಿತು.

ಇಷ್ಟರಲ್ಲಿ ವಾಚಕರು ಕೇಳಬಹುದು: ಕೊಡಗಿನಲ್ಲಿ ನರಬಲಿ ನಿಜವಾಗಿ ನಡೆದಿತ್ತೇ? ರಿಕ್ಟರರ ಪುಟದಿಂದ ಹಾಗೆ ಸಿದ್ಧಪಡಿಸಲಾಗದು. ಒರಿಸ್ಸಾದ ಗುಡ್ಡಗಾಡಿನ ಕೊಂಡರಲ್ಲಿದ್ದ ಮೆರಿಯಾ ಬಲಿಯನ್ನು ನಿಲ್ಲಿಸಲು ಬ್ರಿಟಿಷ್ ಅಧಿಕಾರಿಗಳು ೧೮೩೦ರ ದಶಕದಿಂದ ಕೈಗೊಂಡ ಕಾರ್ಯಾಚರಣೆಯ ವರದಿಗಳು ಬಂದ ಮೇಲೆ, ಅಂಥ ಕಥೆಗಳಿಗೆ ಕಿವಿಗೊಡುವ ಉತ್ಸಾಹ ಎಲ್ಲೆಡೆಯೂ ಹೆಚ್ಚಿದ್ದಿತು. ಅಲ್ಲದೆ ನಮ್ಮ ಎರಡು ಕಥೆಗಳ ಕಟ್ಟಡವೂ ಒಂದೇ: ಒಂದು ಶ್ಲೇಷೆ, ಅದರಿಂದ ಒಂದು ಪದ್ಧತಿಯ ಹುಟ್ಟು. ಆಡನ್ನೇ ಏಕೆ ಕೊಡುತ್ತೇವೆ ಎಂಬ ಮಕ್ಕಳ ಪ್ರಶ್ನೆಗೆ ಇಂಥ ಕಥೆ ಉತ್ತರವಾಗಿ ಹುಟ್ಟಿರಬಹುದು. ೧೯೦೧ರಲ್ಲಿ ಹರ್ಮನ್ ಗುಂಕೆಲ್ ಎಂಬ ಜರ್ಮನ್ ವಿದ್ವಾಂಸರು ಇಸಾಕನ ಕಥೆಯನ್ನು ಹೀಗೆಯೇ, ಒಂದು ಪವಿತ್ರಸ್ಥಳದಲ್ಲಿ ಮಗುವಿನ ಬದಲು ಟಗರನ್ನು ಕೊಡುವುದಕ್ಕೆ ಕಾರಣ ಹೇಳುವ ಐತಿಹ್ಯವೆಂದು ವಿವರಿಸಿದರು. ೧೯೨೧ರಲ್ಲಿ ಕಾರ್ಥೇಜಿನಲ್ಲಿ ಶಿಶುಗಳ ಸುಟ್ಟ ಮೂಳೆಗಳಿರುವ ಮಡಕೆಗಳು ದೊರೆತವು; ಅವು ಬಲಿಯಾದ ಶಿಶುಗಳವೋ ತಾವಾಗಿ ಸತ್ತ ಶಿಶುಗಳವೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಮಡಕೆ ಮೂಳೆಗಳಿದ್ದಲ್ಲಿಯೇ ಹೀಗಿರುವಾಗ, ಕಥೆ ಮಾತ್ರ ಇರುವಲ್ಲಿ ನಾವು ಅವಸರಪಡಲಾಗದು. ‘ಆಳ್’ ಎಂಬ ಪದಕ್ಕೆ ಸೇವಕನೆಂಬ ಅರ್ಥವೂ ಇರುವುದರಿಂದ, ಬಲಿಯಾಗುತ್ತಿದ್ದವರು ದುಡಿಯುವ ಆಳುಗಳೇ ಇರಬೇಕೆಂದು ಊಹಿಸುವ ಆಸೆ ನಮಗೂ ಆಯಿತು. ಒಂದು ಪದದ ಮೇಲೆ ಅಷ್ಟು ಭಾರ ಹೊರಿಸಲಾಗದೆಂದು ಬಿಟ್ಟೆವು. ಬೆಳ್ಳೂರಿನ ಕಥೆಯಲ್ಲಿ ಸರದಿಯು ಪ್ರತಿಯೊಂದು ಮನೆಯದೂ ಆಗಿದೆ.

ಬದಲಿ ದೊರೆತಲ್ಲಿಗೆ ಪ್ರಶ್ನೆ ಮುಗಿಯಿತೆಂದು ಭಾವಿಸುವವರು ಜನ್ನನನ್ನು ಒಮ್ಮೆ ಓದಬೇಕು. ೧೨೦೯ರ ‘ಯಶೋಧರ ಚರಿತೆ’ಯಲ್ಲಿ ಚಂಡಮಾರಿಯ ಬಲಿಗೆಂದು ಹಿಡಿದು ತಂದ ಎಳೆಯ ಅಣ್ಣತಂಗಿಯರಾದ ಅಭಯರುಚಿ ಅಭಯಮತಿಯರು ಅರಸ ಮಾರಿದತ್ತನಿಗೆ ತಮ್ಮ ಹಿಂದಿನ ಜನ್ಮಗಳ ಕಥೆಯನ್ನು ಹೇಳುತ್ತಾರೆ. ಯಶೋಧರನು ಪ್ರಾಣಿಯನ್ನು ಕೊಲ್ಲಲೊಲ್ಲದೆ, ತಾಯಿಯ ಒತ್ತಾಯಕ್ಕೆ ಕಟ್ಟುಬಿದ್ದು, ಹಿಟ್ಟಿನ ಕೋಳಿಯನ್ನು ಮಾಡಿಸಿ ಬಲಿ ಕೊಟ್ಟನು. ಆ ಹಿಟ್ಟಿನ ಕೋಳಿ ಕೂಗಿತು. ಅದರ ಫಲವಾಗಿ ತಾಯಿಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲಬೇಕಾಯಿತು. ಜೈನಕವಿಯ ತಕ್ಕಡಿಯಲ್ಲಿ ಕತ್ತಿಯನ್ನೆತ್ತಿದ ಸಂಕಲ್ಪವೇ ಹಿಂಸೆ; ಕೆಳಗಿರುವುದು ಮಗುವೋ ಟಗರೋ ಹಿಟ್ಟೋ ಎಂಬುದು ಅನಂತರದ ಮಾತು. ಈ ತಕ್ಕಡಿಯಲ್ಲಿ ರಿಕ್ಟರರ ಅಬ್ರಹಾಮನೂ ತೂಗಿ ಬರುವುದಿಲ್ಲ, ನಮ್ಮ ಕಡಿಯತ್ತುನಾಡಿನ ಭಕ್ತನೂ ಪೂರ್ತಿಯಾಗಿ ತೂಗಿ ಬರುವುದಿಲ್ಲ. ಜನ್ನನ ಮಾತು ತೀರ ಕಟುವಾಯಿತೆಂದು ನಮಗೆ ಅನಿಸುವುದುಂಟು. ಆಯುಧಪೂಜೆಯ ದಿನ ಕುಂಕುಮ ತುಂಬಿದ ಬೂದುಗುಂಬಳವನ್ನು ಬಸ್ಸಿನ ಮುಂದೆ ಒಡೆಯುವವನನ್ನು ಹಿಂಸಕನೆನ್ನಲು ನಾಲಿಗೆ ಏಳುವುದಿಲ್ಲ. ಆದರೂ ಆ ಕೆಂಪು ಏನನ್ನು ನೆನಪಿಗೆ ತರುತ್ತದೆಂಬುದನ್ನು ಜನ್ನನು ನಮಗೆ ಮರೆಯಗೊಡುವುದಿಲ್ಲ.

ಅನುವಾದದ ಬಗ್ಗೆ ಒಂದು ಮಾತು. ಇಬ್ರಿಯ ಭಾಷೆಯ ‘ಓಲಾ’ ಎಂದರೆ ಮೇಲಕ್ಕೇರುವುದು. ಪೂರ್ತಿಯಾಗಿ ಸುಟ್ಟು ಹೊಗೆಯಾಗಿ ಏರುವ ಅರ್ಪಣೆ. ಬ‌ಹುಕಾಲದಿಂದ ಬಳಕೆಯಲ್ಲಿರುವ ಕನ್ನಡ ಸತ್ಯವೇದದಲ್ಲಿ ಅದು ‘ಸರ್ವಾಂಗಹೋಮ’ವಾಗಿದೆ, ಬೇರೊಂದು ಅನುವಾದದಲ್ಲಿ ‘ದಹನಬಲಿ’ ಎಂದಿದೆ. ಕನ್ನಡಿಗನ ಕಿವಿಗೆ ಇವೆರಡೂ ಒಂದೇ ಅಲ್ಲ. ಹೋಮವೆಂದೊಡನೆ ಮಂತ್ರ, ತುಪ್ಪ, ಸಮಿತ್ತುಗಳು. ಬಲಿಯೆಂದೊಡನೆ ಊರ ಮಾರಿಯ ಗುಡಿ. ಇಸಾಕನನ್ನು ಹೋಮಕ್ಕೆ ಕರೆದೊಯ್ದರೆ ಅದು ಯಜ್ಞದ ಗಾಂಭೀರ್ಯವನ್ನು ಪಡೆಯುತ್ತದೆ. ಕೊಡಗಿನ ಆಡು ಬಲಿಗೆ ಹೋದರೆ ಅದು ಕ್ಷುದ್ರವಾಗುತ್ತದೆ. ಅನುವಾದಕರು ಹೀಗಾಗಲೆಂದು ಬಯಸಿದರೆಂದು ನಾವು ಹೇಳುವುದಿಲ್ಲ. ಆದರೆ ತರಗತಿಯ ಒಂದು ಬೆಂಚು ಏಕೆ ನಕ್ಕಿತು, ಇನ್ನೊಂದು ಏಕೆ ನಾಚಿತು ಎಂಬುದರಲ್ಲಿ ಈ ಎರಡು ಪದಗಳ ಪಾಲೂ ಇದೆ.

ಈಗ ನಾವು ರಿಕ್ಟರರ ಪುಟವನ್ನು ನ್ಯಾಯಸ್ಥಾಪಕರು ಹನ್ನೊಂದನೆಯ ಅಧ್ಯಾಯದೊಡನೆ, ಜನ್ನನ ಕಥೆಯೊಡನೆ ಸೇರಿಸಿಯೇ ಓದಿಸುತ್ತೇವೆ. ಹೋದ ವರ್ಷ ಒಬ್ಬ ಹುಡುಗನು ಕೇಳಿದನು: ಎರಡು ತಿಂಗಳು ಸಮಯವಿತ್ತಲ್ಲ, ಗಿಲ್ಯಾದಿನಲ್ಲಿ ‘ಆಳಲ್ಲ, ಆಡು’ ಎನ್ನುವವರು ಒಬ್ಬರೂ ಇರಲಿಲ್ಲವೇ? ಗ್ರಂಥದಲ್ಲಿ ಅವಳೊಡನೆ ಬೆಟ್ಟಕ್ಕೆ ಹೋದ ಗೆಳತಿಯರನ್ನು ಬಿಟ್ಟು ಬೇರೆ ಯಾರೂ ಕಾಣುವುದಿಲ್ಲ. ಕೊಡಗಿನ ಕಥೆಯಲ್ಲಿಯೂ ಕೂಗಿದವನು ಬರಿಯ ‘ಭಕ್ತ’. ಅವನ ಮನೆತನವನ್ನಾಗಲಿ, ಕಥೆ ಹೇಳಿದವರ ಹೆಸರನ್ನಾಗಲಿ ರಿಕ್ಟರರ ಪುಟ ತಿಳಿಸುವುದಿಲ್ಲ. ನಡಿಕೇರಿಯಂಡ ಚಿಣ್ಣಪ್ಪನವರು ‘ಪಟ್ಟೋಲೆ ಪಳಮೆ’ಯಲ್ಲಿ ೧೯೨೪ರಲ್ಲಿಯೇ ತೋರಿಸಿಕೊಟ್ಟಂತೆ, ಕೊಡಗಿನ ಮಾತನ್ನು ಕೊಡಗಿನವರ ಬಾಯಿಂದಲೇ ಕೇಳಬೇಕು. ಆ ಗ್ರಾಮಗಳ ಹಿರಿಯರು ಇಂದು ಈ ಕಥೆಯನ್ನು ಹೇಗೆ ಹೇಳುತ್ತಾರೆ, ಶ್ಲೇಷೆಯ ಮಾತು ಯಾರ ಬಾಯಲ್ಲಿ ಬರುತ್ತದೆ, ಹೆಂಗಸರು ಹೇಳುವಾಗ ಅದು ಬದಲಾಗುತ್ತದೆಯೇ ಎಂಬುದನ್ನು ಬರುವ ಬೇಸಿಗೆಯ ರಜೆಯಲ್ಲಿ ವಿದ್ಯಾರ್ಥಿಗಳಿಂದ ಬರೆಸಿ ತರಿಸುವ ಉದ್ದೇಶವಿದೆ.